ಮೂರು ತಾಲ್ಲೂಕಿಗೆ ಒಂದೇ ಬ್ಯಾಟರಿ

ನನ್ನ ಸೀಟಿನ ಕೆಳಗಿಂದ ಹೊಗೆ ಏಳುತ್ತಿತ್ತು.

ಗಾಬರಿ ಬೇಡ. ನನಗೂ ಇರಲಿಲ್ಲ. ಸ್ಪೀಡೋಮೀಟರ್ ಮುಳ್ಳು ನೂರಿಪ್ಪತ್ತು ದಾಟಿ, ಮುಂದೆ ಜಾಗ ಸಾಲದೆ ನಡುಗುತ್ತಿತ್ತು.

ನನ್ನ ಮುಂದೆ ಕಳ್ಳ ಬಾಲಪ್ಪ. ಅವನ ಕೆಳಗೆ ಲಿಂಗಸುಗೂರಲ್ಲಿ ಕದ್ದ ಕಲ್ಯಾಣಮ್ಮನ ಬೈಕು. ಆಕೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಮುಟ್ಟಿಸುವುದು ಅದರ ಮೇಲೆ. ಬೈಕು ಹೋದರೆ ಆಕೆಯ ಒಲೆ ಆರಿತು. ದಢೇಸುಗೂರಿನ ಸೇತುವೆ ದಾಟಿ ಹೊಳೆಯಾಚೆ ಹೋದರೆ ಬೈಕನ್ನು ಬಿಚ್ಚಿ ಬಿಡಿಭಾಗ ಮಾಡಿ ಮಾರಿಬಿಡುತ್ತಾರೆ!

ಕಲ್ಯಾಣಮ್ಮ ಪೊಲೀಸರ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರ ಬಂದಳು. ನಾನು ಪಂಪಾಪತಿ. ಸಿಂಧನೂರು, ಲಿಂಗಸುಗೂರು, ಮಸ್ಕಿ... ಮೂರೂ ಕಡೆ ಕಳ್ಳರು ನನ್ನ ಹೆಸರು ಕೇಳಿದರೆ ಚಪ್ಪಲಿ ಬಿಟ್ಟು ಓಡುತ್ತಾರೆ.

ಇನ್ನು ಹೊಗೆಯ ವಿಷಯ.

ಹೋದ ತಿಂಗಳು ಮಸ್ಕಿಯಲ್ಲಿ ಅತೀಯಾಳ ಅಂಗಡಿಗೆ ಹೋಗಿದ್ದೆ. ಬೈಕುಗಳ ವೈರಿಂಗ್ ಅವಳ ಕೆಲಸ. ನನಗೆ ಫಾಗ್ ಲೈಟು, ಕೆಂಪು-ನೀಲಿ ಮಿಣುಕು ದೀಪ, ಸೈರನ್, ಚಾರ್ಜರ್, ಸ್ಪೀಕರ್ ಬೇಕಿತ್ತು. ನಾನು ಬರುವುದು ಊರಿಗೆ ಗೊತ್ತಾಗಬೇಕಲ್ಲ.

"ಅಣ್ಣಾ, ಇದು ಬೈಕೋ, ಮದುವಿ ಮೆರವಣಿಗಿಯೋ?"

"ಮಾತು ಕಡಿಮಿ ಮಾಡಿ ಹಾಕು."

"ಬ್ಯಾಟರಿಯಿಂದ ಒಂದ ದಪ್ಪ ವೈರು, ನಡುವ ರಿಲೇ, ಆಮ್ಯಾಲ ಫ್ಯೂಸ್ ಬಾಕ್ಸ್. ಒಂದೊಂದಕ್ಕ ಒಂದೊಂದು ಫ್ಯೂಸ್. ಒಂದು ಕೆಟ್ರ ಅದೊಂದ ಆರತೈತಿ. ಕೀ ತೆಗದ್ರ ರಿಲೇ ಎಲ್ಲಾ ಬಂದ್ ಮಾಡತೈತಿ."

"ಅಷ್ಟೆಲ್ಲಾ ಯಾಕ ಬೇಕು?"

"ಬ್ಯಾಡಾದ್ರ ಎಲ್ಲಾ ಗಂಟು ಕಟ್ಟಿ ಬ್ಯಾಟರಿಗೆ ಸುತ್ತು. ಆದ್ರ ಯಾರಿಗೂ ನನ್ನ ಹೆಸರು ಹೇಳಬ್ಯಾಡ."

ನಾನೇ ಗಂಟು ಕಟ್ಟಿ ಬ್ಯಾಟರಿಗೆ ಸುತ್ತಿದೆ. ಬೈಕಿನಲ್ಲಿ ಮೊದಲೇ ಇದ್ದ ಒಂದು ಫ್ಯೂಸೂ ಹಾರಿಹೋಯಿತು. ನಮ್ಮ ಕಾಲುವೆ ಸೀಮೆಯಲ್ಲಿ ಪಂಪ್‌ಸೆಟ್ಟಿನ ಫ್ಯೂಸ್ ಹೋದರೆ ಅಂಗಡಿಗೆ ಯಾರು ಹೋಗುತ್ತಾರೆ? ಕೈಗೆ ಸಿಕ್ಕ ತಂತಿ ಸುತ್ತುತ್ತಾರೆ. ನಾನು ಫ್ಯೂಸಿನ ಜಾಗಕ್ಕೆ ಬೆರಳು ದಪ್ಪದ ತಾಮ್ರ ಸುತ್ತಿದೆ. ಫ್ಯೂಸ್ ಅನ್ನುವುದು ಪುಕ್ಕಲರ ಸಾಮಾನು.

ಈಗ ಆ ತಾಮ್ರ ಗಟ್ಟಿಯಾಗಿ ನಿಂತಿತ್ತು. ಉಳಿದದ್ದೆಲ್ಲ ಕರಗುತ್ತಿತ್ತು.

ಸಿಂಧನೂರು ಹಿಂದೆ ಬಿತ್ತು. ಎರಡೂ ಕಡೆ ಭತ್ತದ ಗದ್ದೆ. ಹೊತ್ತು ಮುಳುಗುತ್ತಿತ್ತು. ಕರಗಿದ ವೈರುಗಳು ಒಂದಕ್ಕೊಂದು ಅಂಟಿಕೊಂಡವು... ನಾನು ಸ್ವಿಚ್ ಮುಟ್ಟದೆಯೇ ಎಲ್ಲ ದೀಪ ಹತ್ತಿದವು. ಸೈರನ್ ಕಿರುಚಿತು.

ಕೀ ತೆಗೆದೆ. ಎಂಜಿನ್ ನಿಂತಿತು. ಸೈರನ್ ನಿಲ್ಲಲಿಲ್ಲ.

ಕಳ್ಳ ಕೈತಪ್ಪಿಹೋದ ಅಂದುಕೊಂಡೆ.

ಬಾಲಪ್ಪ ಕನ್ನಡಿ ನೋಡಿದ. ಬೈಕನ್ನು ರಸ್ತೆಯ ಅಂಚಿಗೆ ಸರಿಸಿದ. ಸ್ಟ್ಯಾಂಡ್ ಹಾಕಿದ. ತಲೆಯ ಟವೆಲ್ ತೆಗೆದು ಕೈಮುಗಿದು ನಿಂತ.

ಎಂಜಿನ್ ನಿಂತ ಬೈಕಿನ ಮೇಲೆ ಉರುಳುತ್ತ ಹೋಗಿ, ಇಳಿದು ಅವನ ಕಾಲರ್ ಹಿಡಿದೆ.

"ಯಾಕ್ ನಿಂತೀಲೇ?"

"ಮಂತ್ರಿಗಳು ಬರಾಕತ್ತಾರ ಅನ್ಕೊಂಡ್ನಿರೀ. ನಮ್ಮೂರಿಗೆ ರಸ್ತಾ ಕೇಳೋದಿತ್ತು."

ಅವನ ಕಣ್ಣು ನನ್ನ ಹಿಂದೆ ಹೋಯಿತು.

"ರೀ... ನಿಮ್ಮ ಗಾಡಿ ಉರಿಯಾಕತ್ತೈತಿ."

ರಸ್ತೆ ಪಕ್ಕದ ಕಾಲುವೆ ತುಂಬ ನೀರಿತ್ತು. ಬಕೆಟ್ ಇರಲಿಲ್ಲ.

ಮರುದಿನ ಕಲ್ಯಾಣಮ್ಮನ ಬೈಕಿನಲ್ಲಿ ಅವಳ ಹಿಂದೆ ಕೂತು, ತೊಡೆಯ ಮೇಲೆ ರೊಟ್ಟಿ ಡಬ್ಬಿ ಇಟ್ಟುಕೊಂಡು ಮಸ್ಕಿಗೆ ಬಂದೆ. ಕಳ್ಳನನ್ನು ಹಿಡಿಯಲು ಬೇಕಂತಲೇ ಹಾಗೆ ವೈರಿಂಗ್ ಮಾಡಿದ್ದು ಅಂತ ದಾರಿಯುದ್ದಕ್ಕೂ ಹೇಳಿದೆ. ಕಲ್ಯಾಣಮ್ಮ ಎರಡು ಸಲ ಹಾರ್ನ್ ಹೊಡೆದಳು.

"ಫ್ಯೂಸ್ ಬಾಕ್ಸ್ ಹಾಕು," ಅಂದೆ ಅತೀಯಾಗೆ. "ರಿಲೇನೂ ಇರಲಿ."

ಅವಳು ಹೊರಗೆ ಇಣುಕಿದಳು.

"ಹಾಕ್ತೀನಿ. ಗಾಡಿ ಎಲ್ಲೈತಿ?"

ಕೀ ಕೊಟ್ಟೆ. ಉಳಿದದ್ದು ಅದೊಂದೇ.