ಸೊಂಟದೆತ್ತರದ ಚಿಲಕ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಆಸ್ಪತ್ರೆಯ ಮೂಳೆ ವೈದ್ಯರದು. ಐದು ವರ್ಷದ ಹೆಣ್ಣು ಮಗು, ಎಡಗೈ ಮೂಳೆ ಮುರಿದಿದೆ. ಇವತ್ತು ಬೆಳಿಗ್ಗೆ ಮೆಟ್ಟಿಲಿಂದ ಬಿದ್ದಳು ಎಂದು ಕರೆತಂದ ಸಾಕುತಾಯಿ ಹೇಳುತ್ತಿದ್ದಾಳೆ.

"ಇದು ಇವತ್ತಿನದಲ್ಲ, ಮೂರು ದಿನವಾದ್ರೂ ಆಗಿದೆ," ಎಂದರು ವೈದ್ಯರು ಫೋನಿನಲ್ಲಿ. "ತೋಳಿನ ಮೇಲೆ ಬೆರಳಿನ ಗುರುತೂ ಇದೆ. ಮೆಟ್ಟಿಲಿಗೆ ಬೆರಳಿರಲ್ಲ, ಮೇಡಂ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್‌ರನ್ನು ಕರೆದುಕೊಂಡು ಜೀಪು ಹತ್ತಿದಳು. ಬಿಸಿಲಿಗೂ ನೆರಳಿಗೂ ಗೊಣಗುವ ಆ ಮನುಷ್ಯನಿಗೆ ಠಾಣೆಯವರು ಇಟ್ಟ ಹೆಸರು ಗೊಣಗಣ್ಣ. ಅಂದು ದಾರಿಯುದ್ದಕ್ಕೂ ಅವರು ಬಾಯಿ ಬಿಡಲಿಲ್ಲ. ಅವರಿಗೂ ಅದೇ ವಯಸ್ಸಿನ ಮೊಮ್ಮಗಳಿದ್ದಳು.

ಆಸ್ಪತ್ರೆಯಲ್ಲಿ ಮಗು ಮಂಚದ ಮೇಲೆ ಕೂತಿತ್ತು. ಪಕ್ಕದಲ್ಲಿ ಸಾಕುತಾಯಿ, ನಲವತ್ತರ ಆಸುಪಾಸಿನ ದರ್ಜಿ ಹೆಂಗಸು. ಸ್ವಂತ ಮಕ್ಕಳಿಲ್ಲ. ಅನಾಥ ಮಕ್ಕಳಿಗೆ ಸಾಕುಮನೆ ಹುಡುಕಿಕೊಡುವ ಮಕ್ಕಳ ಕಚೇರಿ ಈ ಮಗುವನ್ನು ಅವಳ ಮಡಿಲಿಗೆ ಹಾಕಿ ಎರಡು ವರ್ಷವಾಗಿತ್ತು.

"ಹೇಗೆ ಪೆಟ್ಟಾಯ್ತು, ಪುಟ್ಟಿ?"

"ಬಿದ್ದೆ."

"ಎಲ್ಲಿಂದ?"

ಮಗು ಸಾಕುತಾಯಿಯ ಮುಖ ನೋಡಿತು. "ಮೆಟ್ಟಿಲಿಂದ."

"ಮನೇಲಿ ಯಾರ್ಯಾರಿದ್ದೀರಿ?"

"ನಾನು, ಅಮ್ಮ. ಇಬ್ಬರೇ." ಬಾಯಿಪಾಠ ಒಪ್ಪಿಸುವ ದನಿ ಅದು. ಇನ್ಸ್‌ಪೆಕ್ಟರ್ ಮುಂದೆ ಕೇಳಲಿಲ್ಲ.

ಅಷ್ಟರಲ್ಲಿ ಮಕ್ಕಳ ಕಚೇರಿಯ ಅಧಿಕಾರಿ ಏದುಸಿರು ಬಿಡುತ್ತಾ ಬಂದ. ಸಾಕುವವರಿಗೆ ಏನೇನು ನಿಯಮವಿದೆ ಎಂದು ಇನ್ಸ್‌ಪೆಕ್ಟರ್ ಅವನನ್ನು ಹೊರಗೆ ಕರೆದು ಕೇಳಿದಳು.

"ಮಗುವಿಗೆ ಪೆಟ್ಟಾದ್ರೆ ಅದೇ ದಿನ ನಮಗೆ ತಿಳಿಸ್ಬೇಕು. ಮನೆಗೆ ಹೊಸಬರು ಯಾರಾದ್ರೂ ಇರೋಕೆ ಬಂದ್ರೆ ಅದನ್ನೂ ಹೇಳ್ಬೇಕು, ನಾವು ಅವರನ್ನ ವಿಚಾರಿಸ್ತೀವಿ. ಆದ್ರೆ ಇವರದ್ದು ನಮ್ಮಲ್ಲೇ ಒಳ್ಳೇ ಮನೆ ಮೇಡಂ. ನಾನೇ ತಿಂಗಳಿಗೊಮ್ಮೆ ಹೋಗಿ ನೋಡ್ತೀನಿ."

"ಹೇಳದೇನೇ ಹೋಗ್ತೀರಾ?"

"ಛೆ, ಹೇಳದೆ ಹೋದ್ರೆ ಅವರಿಗೆ ಮುಜುಗರ ಅಲ್ವಾ? ಹಿಂದಿನ ದಿನ ಫೋನ್ ಮಾಡಿಯೇ ಹೋಗೋದು."

"ಚೆನ್ನಾಗಿದೆ," ಎಂದರು ಗೊಣಗಣ್ಣ. "ನಾವೂ ಇನ್ಮೇಲೆ ಕಳ್ಳರಿಗೆ ಫೋನ್ ಮಾಡಿ, ನಾಳೆ ಬರ್ತೀವಿ ಕಣಪ್ಪ, ಮಾಲು ಎತ್ತಿಡು ಅನ್ನೋಣ."

ಅಧಿಕಾರಿ ತಲೆ ತಗ್ಗಿಸಿದ. ಇನ್ಸ್‌ಪೆಕ್ಟರ್‌ಗೆ ಅವನ ಕೆನ್ನೆಗೆ ಬಿಡಬೇಕು ಎನಿಸುವಷ್ಟು ಕೋಪ ಬಂದಿತ್ತು. ಮಗುವಿನ ಬಳಿ ನರ್ಸನ್ನು ಕೂರಿಸಿ, ದರ್ಜಿ ಹೆಂಗಸನ್ನು ಜೀಪಿಗೆ ಹತ್ತಿಸಿಕೊಂಡು ಹೊರಟಳು.

ಮಧ್ಯಾಹ್ನ ಒಂದು ಗಂಟೆಗೆ, ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆದು ಮನೆಯ ಪಂಚನಾಮೆ ಶುರುವಾಯಿತು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಬಾಗಿಲ ಮುಂದೆ ಇದ್ದದ್ದು ಗೇಣೆತ್ತರದ ಒಂದೇ ಮೆಟ್ಟಿಲು.

"ಇದರಿಂದ ಬಿದ್ದು ಕೈ ಮುರ್ಕೊಳ್ಳೋಕೆ ವಿದ್ಯೆ ಬೇಕು," ಎಂದು ಗೊಣಗುತ್ತಲೇ ಗೊಣಗಣ್ಣ ಬಚ್ಚಲಿಗೆ ಹೋದರು. ಬರುವಾಗ ಕೈಯಲ್ಲಿ ಒಂದು ರೇಜರ್ ಇತ್ತು, ಇನ್ನೂ ಒದ್ದೆ. "ಮನೇಲಿ ಇಬ್ಬರೇ ಅಂತ ಮಗು ಹೇಳ್ತಲ್ಲ ತಾಯಿ. ಗಡ್ಡ ಯಾರಿಗೆ, ನಿಮಗೋ ಮಗುವಿಗೋ?"

ದರ್ಜಿ ಹೆಂಗಸು ಹೊಲಿಗೆ ಯಂತ್ರಕ್ಕೆ ಒರಗಿ ನಿಂತಳು. ಅದರ ಹಿಂದೆ ಸುತ್ತಿಟ್ಟ ಹಾಸಿಗೆಯಿತ್ತು.

ಇನ್ಸ್‌ಪೆಕ್ಟರ್ ಕೋಣೆಯ ಬಾಗಿಲನ್ನು ನೋಡುತ್ತಿದ್ದಳು. ಒಳಗಡೆ ಎರಡು ಚಿಲಕಗಳಿದ್ದವು. ಎಲ್ಲ ಮನೆಗಳಲ್ಲಿರುವ ಹಾಗೆ ಮೇಲೊಂದು ಹಳೆಯದು. ಕೆಳಗೆ, ದೊಡ್ಡವರ ಸೊಂಟದೆತ್ತರದಲ್ಲಿ, ಹೊಳೆಯುವ ಹೊಸದು. ಅವಳು ಮಂಡಿಯೂರಿ ಕೂತು ಎಳೆದು ನೋಡಿದಳು. ಐದು ವರ್ಷದ ಕೈಗೂ ಸಲೀಸಾಗಿ ಜಾರಲಿ ಎಂದು ಎಣ್ಣೆ ಹಚ್ಚಿತ್ತು.

"ಇದನ್ನ ಹಾಕಿದ್ದು ಯಾರು?"

"ನಾನೇ."

"ಯಾಕೆ?"

ದರ್ಜಿ ಹೆಂಗಸಿನ ಕಣ್ಣು ಸುತ್ತಿಟ್ಟ ಹಾಸಿಗೆಯತ್ತ ಹೋಯಿತು. ಇನ್ಸ್‌ಪೆಕ್ಟರ್ ಎದ್ದು ನಿಂತಳು.

"ನಾನು ಹೇಳ್ತೀನಿ ಕೇಳಿ. ಮನೆಯಲ್ಲಿರೋನು ಹೊಡೆಯೋಕೆ ಬಂದಾಗ ಮಗು ಒಳಗೆ ಹೋಗಿ ಚಿಲಕ ಹಾಕ್ಕೊಳ್ಳಲಿ ಅಂತ. ಅಂದ್ರೆ ನಿಮಗೆ ಗೊತ್ತಿತ್ತು. ಸ್ಕ್ರೂ ಡ್ರೈವರ್ ಹಿಡಿಯೋಕೆ ಬಂದ ಕೈಗೆ ಫೋನ್ ಹಿಡಿಯೋಕೆ ಬರ್ಲಿಲ್ವಾ? ಕಾಯೋ ಕೆಲಸ ನಿಮ್ಮದು. ಅದನ್ನ ಐದು ವರ್ಷದ ಕೂಸಿನ ಮೇಲೆ ಹೊರಿಸಿದ್ರಲ್ರೀ!"

ದರ್ಜಿ ಹೆಂಗಸು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಆಮೇಲೆ ಮಾತು ತಾನಾಗಿ ಬಂತು. ಅವನು ಅವಳ ತಮ್ಮ. ಹೊಡೆದಾಟದ ಕೇಸಿನಲ್ಲಿ ಶಿಕ್ಷೆ ಮುಗಿಸಿ ಎರಡು ತಿಂಗಳ ಹಿಂದೆ ಬಂದಿದ್ದ. ಭಾನುವಾರ ಅವನು ಮ್ಯಾಚ್ ನೋಡುತ್ತಿದ್ದಾಗ ಮಗು ಚಾನೆಲ್ ಬದಲಾಯಿಸಿತು. ಅವನು ಎದ್ದ, ಮಗು ಕೋಣೆಗೆ ಓಡಿತು. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಅವನು ಬಾಗಿಲು ತಳ್ಳಿ, ತೋಳು ಹಿಡಿದು ತಿರುಚಿ ಎಳೆದ.

"ಮೂರು ದಿನ ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?"

"ಹೋದ್ರೆ ಕಚೇರಿಗೆ ಗೊತ್ತಾಗುತ್ತೆ. ಮಗೂನ ಕಿತ್ಕೊಂಡು ಹೋಗ್ತಾರೆ. ಬಟ್ಟೆ ಕಟ್ಟಿದ್ದೆ, ವಾಸಿಯಾಗುತ್ತೆ ಅನ್ಕೊಂಡೆ. ನಿನ್ನೆ ಜ್ವರ ಬಂತು."

ಮೂರು ದಿನ. ಮುರಿದ ಮೂಳೆಗೆ ಹರಿದ ಬಟ್ಟೆ.

"ಕಚೇರಿಯವರು ಬರೋ ದಿನ ನಿಮ್ಮ ತಮ್ಮನ್ನ ಎಲ್ಲಿಗೆ ಕಳಿಸ್ತಿದ್ರಿ?"

"ಅವನ ಸ್ನೇಹಿತನ ಟೈರ್ ಅಂಗಡಿಗೆ."

ಸಂಜೆ ನಾಲ್ಕಕ್ಕೆ ಅವನು ಸಿಕ್ಕಿದ್ದು ಅಲ್ಲೇ, ಹಳೇ ಟೈರುಗಳ ಹಿಂದೆ ನಿದ್ದೆಯಲ್ಲಿ. ಗೊಣಗಣ್ಣ ಕಾಲರ್ ಹಿಡಿದು ಎಬ್ಬಿಸಿ ಕೇಳಿದರು.

"ಮಗು ಮೈಮೇಲೆ ಯಾಕೆ ಕೈ ಮಾಡ್ದೆ?"

"ಸುಮ್ನೆ ಎಳೆದೆ ಅಷ್ಟೇ. ಯಾರದ್ದೋ ಮಗು. ಅಕ್ಕನಿಗೆ ನನಗಿಂತ ಅದೇ ಹೆಚ್ಚಾಗಿಬಿಟ್ಟಿತ್ತು."

ಮಗುವಿನ ಮೇಲಿನ ಹಲ್ಲೆಗೆ ತಮ್ಮನ ಬಂಧನ. ತಿಳಿದೂ ಮುಚ್ಚಿಟ್ಟದ್ದಕ್ಕೆ, ಚಿಕಿತ್ಸೆ ಕೊಡಿಸದೇ ಇದ್ದದ್ದಕ್ಕೆ ಅಕ್ಕನ ಬಂಧನ. ಅವಳು ತನ್ನ ಹೇಳಿಕೆಯಲ್ಲಿ ಹೇಳಿದ್ದು ಇಷ್ಟು: ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳು ನಾನೇ, ಬಾಗಿಲಿಗೆ ಬಂದವನನ್ನು ಹೊರಗೆ ನಿಲ್ಲಿಸಲಾಗಲಿಲ್ಲ. ಹೇಳಿದರೆ ಮಗು ಹೋಗುತ್ತದೆ, ಅದನ್ನೂ ಬಿಟ್ಟಿರಲಾಗಲಿಲ್ಲ. ಸುಳ್ಳಲ್ಲ ಅದು, ಇನ್ಸ್‌ಪೆಕ್ಟರ್‌ಗೂ ಗೊತ್ತಿತ್ತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಇಬ್ಬರನ್ನೂ ಬಿಡಲಾರದವಳು ಪೆಟ್ಟು ತಿನ್ನಲು ಬಿಟ್ಟದ್ದು ಮಾತ್ರ ಮಗುವನ್ನು.

ಕತ್ತಲಾಗುವ ಹೊತ್ತಿಗೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದಾಗ ಮಗುವಿನ ಕೈಗೆ ಪ್ಲಾಸ್ಟರ್ ಹಾಕಿತ್ತು. ಬೇರೆ ಮನೆಗೆ ಕರೆದೊಯ್ಯಲು ಕಚೇರಿಯ ಅಧಿಕಾರಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಮಗು ಮಂಚದಿಂದ ಇಳಿಯಲು ಒಪ್ಪಿರಲಿಲ್ಲ.

"ಪೊಲೀಸ್ ಆಂಟಿ, ನಾನು ಮಾಮನ ವಿಷಯ ಯಾರಿಗೂ ಹೇಳ್ಲಿಲ್ಲ. ಹೇಳದಿದ್ರೆ ಅಮ್ಮನ ಹತ್ರಾನೇ ಇರ್ಬಹುದು ಅಂತ ಅಮ್ಮ ಹೇಳಿದ್ರು. ಕೈ ತುಂಬಾ ನೋವಾದಾಗ್ಲೂ ಹೇಳ್ಲಿಲ್ಲ."

ಇನ್ಸ್‌ಪೆಕ್ಟರ್ ಮಂಚದ ಪಕ್ಕ ಕೂತಳು. "ನೀನೇನೂ ತಪ್ಪು ಮಾಡಿಲ್ಲ, ಪುಟ್ಟಿ."

"ಹಾಗಾದ್ರೆ ಮನೆಗೆ ಹೋಗೋಣ," ಎಂದಿತು ಮಗು, ಪ್ಲಾಸ್ಟರ್ ಇಲ್ಲದ ಕೈಯನ್ನು ಅವಳ ಕೈಯೊಳಗಿಟ್ಟು.