ಒದ್ದೆ ಕೈ

ಬೆಳಗ್ಗೆ ಹತ್ತರ ಸುಮಾರಿಗೆ ಠಾಣೆಗೆ ಬಂದ ಈಶ್ವರಮ್ಮನ ಕಂಕುಳಲ್ಲಿ ಮೂರು ವರ್ಷದ ಮೊಮ್ಮಗಳಿದ್ದಳು. ಹಿಂದಿನ ಸಂಜೆ ಇಟ್ಟಮಡುವಿನ ಬಾಡಿಗೆ ಮನೆಯಲ್ಲಿ ಅವರ ಮಗಳು ಸಂಘಮಿತ್ರಾ ವಾಷಿಂಗ್ ಮೆಷಿನ್ ಮುಟ್ಟಿ, ಕರೆಂಟ್ ಹೊಡೆದು ಸತ್ತಿದ್ದಳು. ಅಳಿಯ ಶವಾಗಾರದ ಮುಂದೆ ಕಾಯುತ್ತಿದ್ದ. ಅಸ್ವಾಭಾವಿಕ ಸಾವು ಎಂದು ಪ್ರಕರಣ ದಾಖಲಾಗಿತ್ತು.

"ಏನು ಬರ್ಕೊಂಡಿದೀರಿ, ಓದಿ ಮೇಡಂ."

ಇನ್‌ಸ್ಪೆಕ್ಟರ್ ಗಿರಿಜಾದೇವಿ ಓದಿದರು. ಮನೆ ಮಾಲೀಕ ಚಕ್ರಪಾಣಿಯ ಹೇಳಿಕೆ: ಮೃತಳು ಒದ್ದೆ ಕೈಯಲ್ಲಿ ಮೆಷಿನ್ ಮುಟ್ಟಿದ್ದೇ ಸಾವಿಗೆ ಕಾರಣ.

"ಬಟ್ಟೆ ಒಗೆಯೋರ ಕೈ ಒಣಗಿರತ್ತಾ ಮೇಡಂ?" ಈಶ್ವರಮ್ಮನ ದನಿ ಏರಿತು. "ನಾಳೆ ಈ ಮಗು ಕೇಳಿದ್ರೆ, ನಿಮ್ಮಮ್ಮ ಅವಳ ತಪ್ಪಿಗೇ ಸತ್ಲು ಅನ್ನಬೇಕಾ ನಾನು? ತೆಗೀರಿ ಅದನ್ನ."

"ಹೇಳಿಕೆ ತೆಗೆಯೋಕೆ ಬರಲ್ಲಮ್ಮ. ಸುಳ್ಳಾಗಿದ್ರೆ ಸುಳ್ಳು ಅಂತ ತೋರಿಸ್ಬಹುದು. ಕೂತ್ಕೊಳ್ಳಿ. ಮನೇಲಿ ಮೊದಲೇ ಏನಾದ್ರೂ ತೊಂದ್ರೆ ಇತ್ತಾ?"

"ಎರಡು ವಾರದಿಂದ ಫ್ಯಾನ್ ತಿರುಗ್ತಿರಲಿಲ್ಲ, ಲೈಟು ಮಿಣುಕ್ ಮಿಣುಕ್. ಮೆಷಿನ್ ಮುಟ್ಟಿದ್ರೆ ಜುಮ್ ಅಂತಿತ್ತು. ಓನರ್‌ಗೆ ಎಷ್ಟು ಸಲ ಹೇಳಿದ್ಲು! ರಬ್ಬರ್ ಚಪ್ಪಲಿ ಹಾಕ್ಕೊಂಡು ಒಗಿಯಮ್ಮ ಅಂದ್ರಂತೆ."

ಹೆಡ್ ಕಾನ್‌ಸ್ಟೆಬಲ್ ದಾಸಪ್ಪ ಪಂಚನಾಮೆ ತೆಗೆದು ನೋಡಿದರು. ಮೃತಳ ಬಲಗೈ ಮೆಷಿನ್ ಮೇಲೆ, ಎಡಗೈ ಕಬ್ಬಿಣದ ನಲ್ಲಿಯ ಮೇಲೆ. ಕಾಲಲ್ಲಿ ರಬ್ಬರ್ ಚಪ್ಪಲಿ.

"ಹೇಳಿದ ಮಾತು ಕೇಳಿದಾಳೆ ಮೇಡಂ," ಎಂದರು ದಾಸಪ್ಪ, ತಲೆ ಎತ್ತದೆ.

ಮಧ್ಯಾಹ್ನ ಗಿರಿಜಾದೇವಿ ವಿದ್ಯುತ್ ಪರಿವೀಕ್ಷಕಿ ಮಧುಮತಿಯವರೊಂದಿಗೆ ಸ್ಥಳಕ್ಕೆ ಹೋದರು. ಮಧುಮತಿ ಮೀಟರ್ ಬೋರ್ಡ್ ಬಿಚ್ಚಿಸಿ ತುಂಬ ಹೊತ್ತು ಅಳೆದರು.

"ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್ ತಂತಿ ಸುಟ್ಟಿದೆ. ಯಾರೋ ಭೂಮಿಗೆ ಹೋಗೋ ಅರ್ಥಿಂಗ್ ತಂತಿಯನ್ನೇ ನ್ಯೂಟ್ರಲ್‌ಗೆ ಸೇರಿಸಿ ಕಟ್ಟಿದಾರೆ. ವಾಪಸ್ ಹೋಗೋ ಕರೆಂಟ್ ಹಾಗೆ ಭೂಮಿಗೆ ಇಳೀತಿತ್ತು. ಆದ್ರೆ ಈಗ ಈ ತಂತಿಗೆ ಭೂಮಿನೇ ಸಿಗ್ತಿಲ್ಲ. ಅದಕ್ಕೇ ವೋಲ್ಟೇಜ್ ಇಳಿದಿತ್ತು. ಅದೇ ತಂತಿ ಮೆಷಿನ್ ಮೈಗೂ ಸೇರಿರೋದ್ರಿಂದ ಕರೆಂಟ್ ಅಲ್ಲಿ ನಿಂತಿತ್ತು. ಮೆಷಿನ್ ಮೇಲೊಂದು ಕೈ, ನಲ್ಲಿ ಮೇಲೊಂದು ಕೈ. ಅದು ಭೂಮಿಗೆ ಇಳಿಯೋಕೆ ಅವರೇ ದಾರಿ ಆದ್ರು. ಚಪ್ಪಲಿಯಿಂದ ಏನೂ ಉಪಯೋಗವಿಲ್ಲ."

"ಅರ್ಥಿಂಗ್ ಗುಂಡಿ ಎಲ್ಲಿ ಸಾರ್?" ಗಿರಿಜಾದೇವಿ ಅಲ್ಲೇ ನಿಂತಿದ್ದ ಮಾಲೀಕ ಚಕ್ರಪಾಣಿಯನ್ನು ಕೇಳಿದರು.

ಗೇಟಿನ ಪಕ್ಕ, ಈಶಾನ್ಯ ಮೂಲೆಯಲ್ಲಿ ಹೊಸ ಗ್ರಾನೈಟ್ ಕಲ್ಲು. ಮೇಲೆ ರಂಗೋಲಿ.

"ಅದರ ಕೆಳಗೇ ಇದೆ," ಎಂದರು ಚಕ್ರಪಾಣಿ.

"ಗುಂಡಿ ಒಣಗಬಾರದಲ್ಲ, ನೀರು ಹೇಗೆ ಹಾಕ್ತೀರಿ?" ಎಂದರು ಮಧುಮತಿ.

ಪಂಚರ ಎದುರು ಕಲ್ಲು ಎಬ್ಬಿಸಿದರು. ಅರ್ಥಿಂಗ್ ಗುಂಡಿಯಲ್ಲಿರಬೇಕಾದ ಪೈಪಿಲ್ಲ, ಉಪ್ಪಿಲ್ಲ, ಇದ್ದಿಲಿಲ್ಲ. ಕೆಂಪು ವಸ್ತ್ರ ಸುತ್ತಿದ ತಾಮ್ರದ ಚೊಂಬು, ಅದರೊಳಗೆ ನವಧಾನ್ಯ. ಪಕ್ಕದಲ್ಲಿ ಕತ್ತರಿಸಿದ ತಂತಿಯ ತುದಿ. ಅದಕ್ಕೆ ಇನ್ಸುಲೇಷನ್ ಟೇಪ್ ನೀಟಾಗಿ ಸುತ್ತಿತ್ತು.

ಆ ಮನೆಯ ರಿಪೇರಿ ಮಾಡಿದ್ದ ಎಲೆಕ್ಟ್ರಿಷಿಯನ್ ಸುಭಾಷ್‌ನನ್ನೂ ಚಕ್ರಪಾಣಿಯನ್ನೂ ಸಂಜೆ ಠಾಣೆಗೆ ಕರೆಸಿದರು. ಗಿರಿಜಾದೇವಿ ಮೊದಲು ಸುಭಾಷ್‌ನನ್ನು ಕೇಳಿದರು.

"ತಂತಿ ಸೇರಿಸಿದ್ದು ನೀನಾ?"

"ಹೌದು ಮೇಡಂ. ಟೆಂಪರರಿ ಅಂತ. ಲೈನ್ ಬದಲಾಯಿಸಿ, ಅಲ್ಲೀವರೆಗೆ ಗುಂಡಿಗೆ ನೀರು ಹಾಕ್ತಿರಿ ಅಂತ ಓನರ್‌ಗೆ ಅಂದಿದ್ದೆ."

"ಟೆಂಪರರಿ! ಮನೇಲಿ ಮಗು ಇದೆ ಅಂತ ಗೊತ್ತಿತ್ತಾ?"

"...ಗೊತ್ತಿತ್ತು."

"ಆಮೇಲೆ?"

"ಆ ಅಕ್ಕ ನಂಗೇ ಫೋನ್ ಮಾಡಿ ಜುಮ್ ಅಂತಿದೆ ಅಂದ್ರು. ಓನರ್‌ಗೆ ಕೇಳ್ದೆ, ಗುಂಡಿ ಸರಿ ಇದೆಯಾ, ಇಲ್ಲಾಂದ್ರೆ ಜೀವ ಹೋಗತ್ತೆ ಸಾರ್ ಅಂತ. ದಿನಾ ನೀರು ಹಾಕ್ತಿದೀನಿ ಕಣಯ್ಯ ಅಂದ್ರು."

ಗಿರಿಜಾದೇವಿ ಚಕ್ರಪಾಣಿಯ ಕಡೆ ತಿರುಗಿದರು.

"ಗುಂಡಿ ಮುಚ್ಚಿಸಿ ಆಗಿತ್ತಲ್ವಾ ಆಗ?"

"ಹೂಂ."

"ನೀರು ಯಾವುದಕ್ಕೆ ಹಾಕ್ತಿದ್ರಿ ಸಾರ್? ಚೊಂಬಿಗಾ?"

"ಅಷ್ಟೊಂದು ಆಗತ್ತೆ ಅಂತ ಗೊತ್ತಿರಲಿಲ್ಲ."

"ಜೀವ ಹೋಗತ್ತೆ ಅಂತ ಇವನು ಹೇಳಿದ್ದ. ತಂತಿ ತುದಿಗೆ ಟೇಪ್ ಸುತ್ತೋಕೆ ಗೊತ್ತಿತ್ತು. ಆ ಹುಡುಗೀಗೆ 'ಮೆಷಿನ್ ಮುಟ್ಟಬೇಡ' ಅನ್ನೋ ಒಂದು ಮಾತು ಗೊತ್ತಿರಲಿಲ್ವಾ?"

ಚಕ್ರಪಾಣಿ ಮೇಜಿನ ಅಂಚು ಹಿಡಿದು ಕೂತಿದ್ದರು.

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ಲು. ಅಗೆದು ಮತ್ತೆ ಹೂಳ್ಬೇಕಾಗ್ತಿತ್ತು. ವಾಸ್ತು ನೋಡೋರು ಹೇಳಿದ್ರು, ಈಶಾನ್ಯದಲ್ಲಿ ಉಪ್ಪು, ಇದ್ದಿಲು, ಕಬ್ಬಿಣ ಹೂತಿದೀರಿ, ಮಾಟ ಮಾಡಿಟ್ಟ ಹಾಗೆ ಅಂತ. ನನ್ನ ಮಗಳು ಧೃತಿಗೆ ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಬಸಿರು ನಿಂತು, ಇಳಿದು ಹೋಯ್ತು. ಈಗ ಮೂರನೇದು, ನಾಲ್ಕು ತಿಂಗಳು. ಅದನ್ನೆಲ್ಲ ತೆಗೆಸಿ ಹೂತ ಚೊಂಬನ್ನ ಹೆರಿಗೆ ಆಗೋವರೆಗೆ ಅಲುಗಿಸಬಾರದು ಅಂದಿದ್ರು."

ಗಿರಿಜಾದೇವಿ ಎದ್ದು ನಿಂತರು.

"ನಿಮ್ಮ ಮೊಮ್ಮಗು ಚೆನ್ನಾಗಿ ಹುಟ್ಟಲಿ ಸಾರ್. ಅದಕ್ಕೆ ಇನ್ನೊಬ್ಬಳು ತಾಯಿ ಯಾಕೆ ಹೋಗಬೇಕಿತ್ತು?"

ಈಶ್ವರಮ್ಮನ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಕೊಲೆಯಲ್ಲದ ಮಾನವಹತ್ಯೆ. ಚಕ್ರಪಾಣಿ ಮೊದಲ ಆರೋಪಿ, ಸುಭಾಷ್ ಎರಡನೆಯವನು. ಇಬ್ಬರನ್ನೂ ಬಂಧಿಸಲಾಯಿತು. ಜೀಪು ಹತ್ತುವ ಮುಂಚೆ ಚಕ್ರಪಾಣಿ ದಾಸಪ್ಪನವರನ್ನು ಮೆಲ್ಲಗೆ ಕೇಳಿದರು, "ಚೊಂಬು ಏನ್ ಮಾಡಿದ್ರಿ?"

"ಸೀಲ್ ಮಾಡಿ ಇಟ್ಟಿದೀವಿ. ಹತ್ತಿ."

ಬೆಂಚಿನ ಮೇಲೆ ಮಗು ನಿದ್ದೆ ಹೋಗಿತ್ತು. ಗಿರಿಜಾದೇವಿ ಎಫ್‌ಐಆರ್ ಪ್ರತಿಯನ್ನು ಕೊನೆಯ ಸಾಲಿನವರೆಗೆ ಓದಿ ಹೇಳಿದರು. ಈಶ್ವರಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ಕಾಗದ ಹಿಡಿದರು.

"ಒದ್ದೆ ಕೈ ಅಂತ ಇಲ್ಲ ಅಲ್ವಾ ಮೇಡಂ?"

"ಇಲ್ಲಮ್ಮ."