ಎಡಗಡೆಯ ಅಜ್ಜಿ

"ಈ ಡಬ್ಬಾನ ನಮ್ಮಕ್ಕನಿಗೆ ಮಾರಿದ್ದು ನೀವೇನಾ?"

ರಿಪೇರಿ ಅಂಗಡಿಯವನು ಬೆಚ್ಚಿ ತಲೆ ಎತ್ತಿದ. ಕೈಯಲ್ಲಿ ಹೊಗೆಯಾಡುವ ಸೋಲ್ಡರಿಂಗ್ ಕಡ್ಡಿ. ಎದುರಿಗೆ, ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನಿಂತಿದ್ದ ಹುಡುಗಿ! ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮೊಂದನ್ನು ಅವಳು ಕೌಂಟರಿನ ಮೇಲೆ ಕುಕ್ಕಿದಳು.

"ನಾನೇ ಮೇಡಂ. ಸ್ಪೀಕರ್ ಹರಿದಿದೆ, ಇಯರ್‌ಫೋನಲ್ಲೇ ಆಡ್ಬೇಕು ಅಂತ ಹೇಳೇ ಕೊಟ್ಟಿದ್ದೆನಲ್ಲ..."

"ಸ್ಪೀಕರ್ ಅಲ್ಲ ರೀ, ಬಟನ್! ನಾನು ಸರಿಯಾಗಿ ಒತ್ತಿದ್ರೂ ತಪ್ಪು ಅನ್ನುತ್ತೆ. ಈ ಅಜ್ಜಿಯರು ನನ್ನ ಪ್ರಾಣ ತಿಂತಿದಾರೆ!"

"ಅಜ್ಜಿಯರಾ?"

ಅವಳು ಆಟ ಹಾಕಿ ತೋರಿಸಿದಳು. ಯಾರಿಗೂ ಓದಲು ಬಾರದ ಯಾವುದೋ ಲಿಪಿ. ಹಗ್ಗದ ಮೇಲೆ ಒಂದು ಹಾಸಿಗೆ. ಎಡಗಡೆ ಒಬ್ಬಳು ಅಜ್ಜಿ, ಬಲಗಡೆ ಒಬ್ಬಳು, ಇಬ್ಬರ ಕೈಯಲ್ಲೂ ಕೋಲು. ಅವರು ಹಾಸಿಗೆ ಬಡಿದ ತಾಳವನ್ನೇ ಆಡುವವರು ಬಟನ್ ಒತ್ತಿ ತಿರುಗಿ ಬಡಿಯಬೇಕು. ಸ್ವಲ್ಪ ಹೊತ್ತಿಗೆ ಧೂಳೆದ್ದು ಅಜ್ಜಿಯರೇ ಕಾಣದಂತಾಗುತ್ತದೆ. ಆಮೇಲೆ ಕಿವಿಯೇ ಗತಿ!

ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ. ಎರಡು ಸಲ ಸೋತ. ಮೂರನೆಯ ಸಲ ಗೆದ್ದೇಬಿಟ್ಟ.

"ಬಟನ್ ಸರಿಯಾಗೇ ಇದೆ ಮೇಡಂ."

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಬಟನ್ ಸರಿ ಇದೆ... ಹಾಗಾದರೆ ಕೆಟ್ಟಿರುವುದು ನನ್ನ ಕೈ!

ಅವಳು ಡ್ರಮ್ ಬಾರಿಸುವವಳು. ಕಳೆದ ವರ್ಷ ಬಂದ ಜ್ವರ ಹೋಗುವಾಗ ಅವಳ ಎಡಗಿವಿಯನ್ನೂ ಕೊಂಡೊಯ್ದಿತ್ತು. ಅಂದಿನಿಂದ ಡ್ರಮ್ಮಿನ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದಳು, ಬ್ಯಾಂಡಿನವರ ಫೋನನ್ನೂ ತೆಗೆಯುತ್ತಿರಲಿಲ್ಲ. ಕಿವಿಯ ಸಂಗತಿ ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತಂಗಿಯ ಮುಖದಲ್ಲಿ ನಗು ನೋಡಬೇಕೆಂದೇ ಅಕ್ಕ ಈ ತಾಳದ ಆಟವನ್ನು ತಂದುಕೊಟ್ಟಿದ್ದಳು. ಆದರೆ ಇವಳು ತನ್ನೊಳಗೇ ಪಂತ ಕಟ್ಟಿಕೊಂಡಿದ್ದಳು: ಅಜ್ಜಿಯರನ್ನು ಗೆದ್ದರೆ ಬ್ಯಾಂಡಿಗೆ ವಾಪಸ್, ಸೋತರೆ ಡ್ರಮ್ ಮಾರಿಬಿಡುವುದು!

ಅವಳ ಸಪ್ಪೆ ಮುಖ ಕಂಡು ಅವನಿಗೆ ಏನನ್ನಿಸಿತೋ, ಕೌಂಟರ್ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಅದರ ತುಂಬ ಹಳೇ ಗೇಮ್ ಕ್ಯಾಸೆಟ್‌ಗಳು.

"ಇವನ್ನ ಯಾರೂ ಕೇಳೋದಿಲ್ಲ. ನನಗೂ ಹೆಸರು ಗೊತ್ತಿಲ್ಲ. ನೋಡ್ತೀರಾ?"

ಬೇಡ ಅನ್ನಬೇಕೆಂದುಕೊಂಡಳು. ಆದರೆ ಬಾಯಿಂದ ಬಂದದ್ದೇ ಬೇರೆ. "ಮೊದಲು ಆ ಹಸಿರುದು ಹಾಕಿ!"

ಆಮೇಲೆ ಶುರುವಾಯಿತು ನೋಡಿ! ಸಂಜೆಯಾದರೆ ಸಾಕು, ಅವಳು ಅಂಗಡಿಯಲ್ಲಿ ಹಾಜರ್. ಒಂದು ಆಟದಲ್ಲಿ ಕಿಟಕಿ ಒರೆಸುವವನು ಹಾಡಿನ ಲಯಕ್ಕೇ ಒರೆಸಬೇಕು, ಲಯ ತಪ್ಪಿದರೆ ಬಕೆಟ್ ನೀರು ಕೆಳಗಿನ ಪೊಲೀಸಪ್ಪನ ತಲೆ ಮೇಲೆ! ಇನ್ನೊಂದರಲ್ಲಿ ಸೀನು ತಡೆದುಕೊಂಡ ಆನೆ ಹಾಡು ಮುಗಿಯುವ ಕ್ಷಣಕ್ಕೇ ಸೀನಬೇಕು. ಇಂಥದ್ದನ್ನು ಯಾವ ಪುಣ್ಯಾತ್ಮ ಮಾಡಿದ್ದನೋ ಎಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಷ್ಟೋ ಆಟ ಗೆದ್ದಳು. ಅಜ್ಜಿಯರು ಮಾತ್ರ ಜಗ್ಗಲಿಲ್ಲ.

"ಇವತ್ತೊಂದು ದಿನ ಮೆಷಿನ್ ಇಲ್ಲೇ ಬಿಟ್ಟು ಹೋಗ್ತೀರಾ?" ಎಂದ ಅವನು ಒಂದು ಸಂಜೆ.

ಮರುದಿನ ಅವಳು ಇಯರ್‌ಫೋನ್ ಹಾಕಿ ಆಟ ಶುರು ಮಾಡಿದಳು. ಧೂಳೆದ್ದಿತು. ಪರದೆ ಮುಚ್ಚಿತು. ಅಯ್ಯೋ, ಇದೇನಿದು! ಟಪ್... ಟಪ್‌ಟಪ್... ಟಪ್! ಮೊದಲು ಖಾಲಿ ಇದ್ದ ಜಾಗದಲ್ಲೆಲ್ಲ ಪೆಟ್ಟುಗಳು! ಅವಳ ಬೆರಳುಗಳು ತಾವಾಗಿಯೇ ಓಡಿದವು. ಧೂಳು ಇಳಿದಾಗ ಅಜ್ಜಿಯರಿಬ್ಬರೂ ಕೋಲು ಎಸೆದು ಕುಣಿಯುತ್ತಿದ್ದರು.

"ಗೆದ್ದೆ! ರೀ, ಗೆದ್ದೆ!" ಅವನ ಎರಡೂ ಕೈ ಹಿಡಿದು ಕುಣಿದಳು. ಹಿಡಿದದ್ದು ಅರಿವಾಗಿ ನಾಚಿ ಬಿಟ್ಟಳು. "ಏನ್ ಮಾಡಿದ್ರಿ ಇದಕ್ಕೆ?"

"ನಿಮಗೋಸ್ಕರ ಒಳಗೆ ಒಂಚೂರು ಬದಲಾಯಿಸಿದೆ..."

ಅವಳ ನಗು ಅಲ್ಲೇ ನಿಂತಿತು.

"ಸುಲಭ ಮಾಡಿದ್ರಾ? ನನ್ನ ಕಿವಿ ವಿಷಯ ಅಕ್ಕ ಹೇಳಿದ್ಲಾ? ಪಾಪ ಅಂತ ಗೆಲ್ಲಿಸಿದ್ರಾ?"

"ಅಲ್ಲ, ನಾನು..."

"ಸಾಕು! ಎಲ್ಲಾ ಗೊತ್ತಾಯ್ತು!" ಕಣ್ಣು ತುಂಬಿಕೊಂಡು ಬಾಗಿಲಿನತ್ತ ನಡೆದಳು. ಇವನೊಬ್ಬನಾದರೂ ನನ್ನನ್ನು ಪಾಪ ಅನ್ನದೆ ನೋಡುತ್ತಾನೆ ಅಂದುಕೊಂಡಿದ್ದೆನಲ್ಲ...

ಅವನು ಕೌಂಟರ್ ದಾಟಿ ಓಡಿ ಬಂದ. ಅವಳ ಬಲಗಡೆಗೇ ಬಂದು ನಿಂತ. ಕೈಯಲ್ಲಿ ಇನ್ನೊಂದು ಮೆಷಿನ್.

"ಇದು ನನ್ನದು. ಇದರಲ್ಲೂ ಅದೇ ಅಜ್ಜಿಯರ ಆಟ, ಬಿಚ್ಚೇ ಇಲ್ಲ. ಸ್ಪೀಕರ್ ಚೆನ್ನಾಗಿದೆ, ಇಯರ್‌ಫೋನ್ ಬೇಡ. ಒಂದ್ಸಲ ಆಡಿ. ಸೋತ್ರೆ ನನ್ನ ಮುಖ ಇನ್ನೊಮ್ಮೆ ನೋಡ್ಬೇಡಿ."

ಅವಳು ಹೊಸ್ತಿಲಲ್ಲೇ ನಿಂತು ಆಡಿದಳು. ಧೂಳು ಎದ್ದಿತು... ಇಳಿಯಿತು. ಅಜ್ಜಿಯರು ಕುಣಿದರು!

"ಹೇಗೆ...?"

"ಮೊನ್ನೆ ಫೋನ್ ಬಂತು ಅಂತ ಎಡಗಡೆ ಇಯರ್‌ಫೋನ್ ತೆಗೆದು ಆಡ್ತಿದ್ದೆ. ಎಡಗಡೆ ಅಜ್ಜಿ ಸದ್ದೇ ಇಲ್ಲ! ಅವಳು ಎಡಗಿವಿಯಲ್ಲಿ ಮಾತ್ರ ಬಡೀತಾಳೆ. ಆಗ ನೆನಪಾಯ್ತು... ನಾನು ಎಡಗಡೆಯಿಂದ ಕರೆದಾಗೆಲ್ಲ ನೀವು ತಿರುಗಲ್ಲ. ಮೊದಲು ಜಂಭ ಅಂದ್ಕೊಂಡಿದ್ದೆ."

ಅಳುತ್ತಲೇ ಅವಳಿಗೆ ನಗು ಬಂತು.

"ಎರಡೂ ಕಡೆ ಸದ್ದನ್ನ ಒಟ್ಟಿಗೆ ಸೇರಿಸಿ ಬೆಸುಗೆ ಹಾಕಿದೆ, ಅಷ್ಟೇ. ಸ್ಪೀಕರಲ್ಲಾದ್ರೆ ಎರಡೂ ಸದ್ದು ಮೊದಲೇ ಸೇರಿ ಬರುತ್ತೆ. ಆಟ ಮುಟ್ಟಿಲ್ಲ. ಅರ್ಧ ತಾಳ ಕೇಳಿಸ್ಕೊಂಡೇ ಇಷ್ಟು ದಿನ ಆಡಿದ್ರಲ್ಲ ನೀವು... ನಿಮ್ಮ ಕೈಗೆ ಏನೂ ಆಗಿಲ್ಲ ರೀ!"

ನನ್ನ ಕೈಗೆ ಏನೂ ಆಗಿಲ್ಲ! ಅವಳಿಗೆ ಕೂಗಿ ಊರಿಗೆಲ್ಲ ಹೇಳಬೇಕೆನ್ನಿಸಿತು. ಅಲ್ಲೇ ಫೋನ್ ತೆಗೆದು ಬ್ಯಾಂಡಿನ ಹಾಡುಗಾರ್ತಿಗೆ ಕರೆ ಮಾಡಿದಳು. "ಲೇ, ನಾಳೆ ಪ್ರಾಕ್ಟೀಸಿಗೆ ಬರ್ತಿದೀನಿ ಕಣೇ. ನನ್ನ ಜಾಗದಲ್ಲಿ ಯಾರಾದ್ರೂ ಕೂತಿದ್ರೆ ಎಬ್ಬಿಸು!"

ಫೋನ್ ಇಟ್ಟು ತಿರುಗಿದರೆ ಅವನು ಇನ್ನೂ ಬಲಗಡೆಯೇ ನಿಂತಿದ್ದ.

"ಪಾಪ ಅಂತ ಮಾಡಿದ್ದಲ್ಲ," ಎಂದ ಮೆಲ್ಲಗೆ. "ಇಷ್ಟ ಅಂತ ಮಾಡಿದ್ದು. ನೀವಂದ್ರೆ ನನಗೆ ತುಂಬಾ ಇಷ್ಟ. ಹೀಗೇ... ನಿಮ್ಮ ಬಲಗಡೆ ಇರ್ಲಾ, ಯಾವಾಗ್ಲೂ?"

ಅವಳು ತಲೆ ಅಲ್ಲಾಡಿಸಿದಳು. "ಬೇಡ."

ಅವನ ಮುಖ ಬಾಡಿತು.

"ಬಲಗಡೆಗೆ ಕಿವಿ ಇದೆ. ಎಡಗಡೆಗೇ ನನಗೆ ಯಾರೂ ಇಲ್ಲ. ಅಲ್ಲಿ ಬನ್ನಿ."

ಅವನು ಸುತ್ತಿ ಬಂದು ಎಡಗಡೆ ನಿಂತ. ಏನೋ ಹೇಳಲು ಹೋಗಿ ತಡೆದುಕೊಂಡ, ಅವಳ ಕಣ್ಣಿಗೆ ಕಾಣುವಂತೆ ಮುಂದೆ ಬಾಗಿದ. "ಈ ಕಡೆಯಿಂದ ನಾನು ಕರೆದ್ರೆ ಗೊತ್ತಾಗೋದು ಹೇಗೆ?"

ಅವಳು ತನ್ನ ಎಡಗೈಯನ್ನು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳು ಅವಳ ಕೈಯ ಮೇಲೆ ಅಳುಕುತ್ತಾ ತಾಳ ಹಾಕಿತು. ಟಪ್... ಟಪ್‌ಟಪ್... ಟಪ್.

"ಕೊನೇ ಪೆಟ್ಟು ತಡ ಆಯ್ತು ರೀ," ಎಂದಳು ಡ್ರಮ್ಮಿನ ಹುಡುಗಿ.

"ಇನ್ನೊಂದ್ಸಲ ಹಾಕ್ಲಾ?"

"ಹೂಂ... ಸರಿ ಹೋಗೋವರೆಗೂ ಕೈ ಬಿಡ್ಬೇಡಿ!"